ಗರ್ಭಕೋಶದ ದೊಡ್ಡ ಗಡ್ಡೆ ಮತ್ತು ಅರ್ಬುದದ ಭಯ

ಪವಾಯಿ ಸರೋವರದ ಆಸುಪಾಸಿನ ಬಹುಮಹಡಿ ಕಟ್ಟಡವೊಂದರಲ್ಲಿರುವ ಕನ್ನಡಿಗರ ಮನೆಯೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಮನೆಯೊಡತಿಗೆ ನಲವತ್ತಾರು ವರ್ಷ. ಇಬ್ಬರು ಮಕ್ಕಳ ತಾಯಿ. ಕಳೆದ ನಾಲ್ಕೈದು ವರ್ಷಗಳಿಂದ ಪ್ರತಿ ತಿಂಗಳೂ ಏಳೆಂಟು ದಿನಗಳ ವಿಪರೀತ ಋತುಸ್ರಾವ. ಮುಟ್ಟು ನಿಲ್ಲುವ ಕಾಲದಲ್ಲಿ ಇದೆಲ್ಲ ಇದ್ದದ್ದೇ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾಳೆ. ಹೊಟ್ಟೆ ಮುಂದೆ ಬಂದುದನ್ನು ಬೊಜ್ಜೆಂದು ತಿಳಿದು ರಾತ್ರಿಯ ಅನ್ನವನ್ನು ಬಿಟ್ಟಿದ್ದಾಳೆ. ಕೈಕಾಲುಗಳು ಸಪೂರವಾಗುತ್ತಿರುವಾಗ ಹೊಟ್ಟೆ ಮಾತ್ರ ಗಟ್ಟಿಯಾಗಿ ಬೆಳೆಯುತ್ತಿರುವುದನ್ನು ಮೊದಲು ಗುರುತಿಸಿದವರು ಊರಿನಿಂದ ಮದುವೆಗೆಂದು ಬಂದ ಅತ್ತಿಗೆ. "ಇದು ಬೊಜ್ಜಿನ ಹೊಟ್ಟೆಯಲ್ಲ ಮಾರಾಯ್ತಿ, ನಾಳೆಯೇ ಡಾಕ್ಟರರಿಗೆ ತೋರಿಸು" ಎಂದು ಅವರು ಹಟ ಹಿಡಿದುದರಿಂದ ಸೋನೋಗ್ರಫಿ ಆಗುತ್ತದೆ.

ವರದಿ ಸಂಜೆಗೆ ಕೈಸೇರುತ್ತದೆ. ಹೊಕ್ಕುಳಿಗಿಂತ ಮೇಲಕ್ಕೆ ಬೆಳೆದ ಘನವಾದ ಗಡ್ಡೆ. ನಡುನಡುವೆ ದ್ರವ ತುಂಬಿದ ಭಾಗಗಳು. ಎಡ ಅಂಡಾಶಯ ಪ್ರತ್ಯೇಕವಾಗಿ ಗೋಚರಿಸುತ್ತಿಲ್ಲ. ಹೊಟ್ಟೆಯಲ್ಲಿ ಅಲ್ಪ ಪ್ರಮಾಣದ ನೀರು. ಅರ್ಬುದದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಜೊತೆಗೆ ಸಿ.ಎ. 125 ಎಂಬ ರಕ್ತಪರೀಕ್ಷೆಯ ಅಂಕಿ 118. ಪಕ್ಕದಲ್ಲಿ ಮುದ್ರಿತವಾಗಿರುವ ಸಾಮಾನ್ಯ ಮಿತಿ 35. ರಾತ್ರಿ ಹತ್ತು ಗಂಟೆಯೊಳಗೆ ಊರಿಗೆ ನಾಲ್ಕು ದೂರವಾಣಿ ಕರೆಗಳು ಹೋಗುತ್ತವೆ, ಒಂದು ಹರಕೆ ಹೊರಲ್ಪಡುತ್ತದೆ, ಮಗಳ ಪರೀಕ್ಷೆ ಮುಗಿಯುವವರೆಗೆ ಆಕೆಗೆ ಏನೂ ತಿಳಿಸಬಾರದೆಂದು ತೀರ್ಮಾನವಾಗುತ್ತದೆ. ಇಷ್ಟೆಲ್ಲ ಆದರೂ ಯಾವ ವೈದ್ಯರೂ ಇನ್ನೂ ಅರ್ಬುದವೆಂದು ಹೇಳಿಲ್ಲ.

ಈ ಗೃಹಿಣಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂತಹ ಅನೇಕ ಮನೆಗಳ ಪ್ರತಿನಿಧಿ. ಆಕೆಯ ವರದಿಯಲ್ಲಿರುವ ಒಂದೊಂದು ಮಾತೂ ನಿಜ. ಆದರೂ ಅವೆಲ್ಲವನ್ನೂ ಒಟ್ಟಿಗೆ ಸೇರಿಸಿದರೂ ಅದು ಸಾಧುವಾದ ಗಡ್ಡೆಯಾಗಿರುವ ಸಂಭವವೇ ಹೆಚ್ಚು. ಹೀಗೇಕೆ ಎಂಬುದನ್ನೂ, ಆ ಸಂಭವ ಖಚಿತತೆಯಾಗಿ ಮಾರ್ಪಡುವುದು ಯಾವ ಹಂತದಲ್ಲಿ ಎಂಬುದನ್ನೂ ತಿಳಿದುಕೊಂಡಿರುವುದು ಮಹಾನಗರದ ಪ್ರತಿಯೊಂದು ಕುಟುಂಬಕ್ಕೂ ಅವಶ್ಯ.

ಗರ್ಭಕೋಶವು ಮುಷ್ಟಿಗಿಂತ ಚಿಕ್ಕದಾದ, ತಲೆಕೆಳಗಾದ ಪೇರಳೆಯ ಹಣ್ಣಿನಾಕಾರದ ಅಂಗ. ಅದರ ಉದ್ದ ಸುಮಾರು ಏಳೂವರೆ ಸೆಂಟಿಮೀಟರು. ತೂಕ ಐವತ್ತರಿಂದ ಎಪ್ಪತ್ತು ಗ್ರಾಂ. ಅದರ ದಪ್ಪ ಗೋಡೆ ಮಾಂಸಖಂಡದಿಂದಾದುದು. ಈ ಮಾಂಸಖಂಡದ ಯಾವುದೋ ಒಂದು ಜೀವಕೋಶ ತನ್ನ ಮಿತಿಯನ್ನು ಮರೆತು ವಿಭಜನೆಗೊಳ್ಳತೊಡಗಿದಾಗ ಅದರ ಸಂತತಿಯೆಲ್ಲ ಒಂದೆಡೆ ಸುತ್ತಿಕೊಂಡು ಗಟ್ಟಿಯಾದ ಉಂಡೆಯಾಗುತ್ತದೆ. ಇದಕ್ಕೆ ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಕನ್ನಡದಲ್ಲಿ ನಾರುಗಡ್ಡೆ ಎಂದು ಕರೆಯುವ ರೂಢಿಯಿದೆ. ಕೊಯ್ದು ನೋಡಿದರೆ ನೂಲಿನುಂಡೆಯನ್ನು ಕತ್ತರಿಸಿದಂತೆ ಬಿಳಿಯ ಎಳೆಗಳ ಸುರುಳಿ ಕಾಣುವುದರಿಂದ ಈ ಹೆಸರು ಅನ್ವರ್ಥವಾಗಿದೆ. ಇದು ಸುತ್ತಲಿನ ಅಂಗಗಳನ್ನು ಒತ್ತುತ್ತದೆ, ಆದರೆ ಅವುಗಳೊಳಕ್ಕೆ ನುಗ್ಗುವುದಿಲ್ಲ. ಅರ್ಬುದವಾದರೋ ನುಗ್ಗುತ್ತದೆ, ರಕ್ತದ ಮೂಲಕ ದೂರದ ಶ್ವಾಸಕೋಶದಲ್ಲಿಯೂ ಬೇರೂರುತ್ತದೆ. ಮೂಲಭೂತ ವ್ಯತ್ಯಾಸವಿರುವುದು ಇಲ್ಲಿಯೇ ಹೊರತು ಗಾತ್ರದಲ್ಲಿ ಅಲ್ಲ.

ಈ ಗಡ್ಡೆಗಳು ಎಷ್ಟು ಸಾಮಾನ್ಯವೆಂಬುದು ಅನೇಕರಿಗೆ ತಿಳಿದಿಲ್ಲ. ಅಮೆರಿಕೆಯಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಐವತ್ತನೆಯ ವಯಸ್ಸಿನೊಳಗೆ ಅಲ್ಲಿನ ಬಿಳಿಯ ಸ್ತ್ರೀಯರಲ್ಲಿ ಶೇಕಡಾ 70ರ ಸಮೀಪ, ಕಪ್ಪು ಸ್ತ್ರೀಯರಲ್ಲಿ ಶೇಕಡಾ 80ಕ್ಕೂ ಮಿಕ್ಕಿ ಇಂತಹ ಗಡ್ಡೆಗಳನ್ನು ಹೊಂದಿರುತ್ತಾರೆ. ಬಹುಪಾಲು ಗಡ್ಡೆಗಳು ಕಡಲೆಕಾಳಿನಿಂದ ನಿಂಬೆಹಣ್ಣಿನವರೆಗಿನ ಗಾತ್ರದವು. ಅವುಗಳಿರುವುದೇ ಆ ಸ್ತ್ರೀಯರಿಗೆ ಗೊತ್ತಿರುವುದಿಲ್ಲ. ಅಂಡಾಶಯದಲ್ಲಿ ಉತ್ಪನ್ನವಾಗುವ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ರಸಗಳೇ ಇವಕ್ಕೆ ಪೋಷಣೆ. ಆದುದರಿಂದ ಮುಟ್ಟು ಪ್ರಾರಂಭವಾಗುವ ಮೊದಲು ಇವು ಕಾಣಿಸಿಕೊಳ್ಳುವುದು ತೀರ ವಿರಳ. ಮುಟ್ಟು ನಿಂತ ಮೇಲೆ ಕುಗ್ಗುವುದು ವಾಡಿಕೆ. ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ರೋಗನಿದಾನದಲ್ಲಿ ಇದರ ಉಪಯೋಗ ಮುಂದೆ ಬರುತ್ತದೆ.

ಗಡ್ಡೆ ಗರ್ಭಕೋಶದ ಒಳಪದರದ ಕಡೆಗೆ ಬೆಳೆದರೆ ಚಿಕ್ಕದಾಗಿದ್ದರೂ ರಕ್ತಸ್ರಾವ ವಿಪರೀತ. ಹೊರಮೈಯ ಕಡೆಗೆ ಬೆಳೆದರೆ ಸ್ರಾವದಲ್ಲಿ ವ್ಯತ್ಯಾಸವೇ ಇಲ್ಲದೆ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗಬಹುದು. ಹೊಟ್ಟೆಯ ಕುಹರ ಬಹಳ ಉದಾರ. ನಿಧಾನವಾಗಿ ಬೆಳೆಯುವ ಯಾವುದಕ್ಕೂ ಅದು ಸ್ಥಳಾವಕಾಶ ಮಾಡಿಕೊಡುತ್ತದೆ. ವೈದ್ಯರು ಇದರ ಬೆಳವಣಿಗೆಯನ್ನು ಗರ್ಭಿಣಿಯ ಹೊಟ್ಟೆಯ ಲೆಕ್ಕದಲ್ಲಿ ಅಳೆಯುತ್ತಾರೆ: ಹೊಕ್ಕುಳಿನ ಮಟ್ಟಕ್ಕೆ ಬಂದರೆ ಇಪ್ಪತ್ತು ವಾರಗಳ ಗಾತ್ರ, ಎದೆಗೂಡಿನ ಕೆಳತುದಿಗೆ ಮುಟ್ಟಿದರೆ ಮೂವತ್ತಾರು ವಾರಗಳ ಗಾತ್ರ ಎಂಬಂತೆ. ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿರುವ ಅತಿ ದೊಡ್ಡ ನಾರುಗಡ್ಡೆ 1888ರಲ್ಲಿ ವರದಿಯಾದುದು. ಮರಣಾನಂತರ ಹೊರತೆಗೆದ ಅದರ ತೂಕ 63 ಕಿಲೋಗ್ರಾಂಗೂ ಹೆಚ್ಚು. ಒಬ್ಬ ವಯಸ್ಕ ವ್ಯಕ್ತಿಯ ತೂಕದಷ್ಟಾಗಿದ್ದರೂ ಅದು ನಾರುಗಡ್ಡೆಯೇ. ಇತ್ತ ಅರ್ಧ ನೆಲ್ಲಿಕಾಯಿಯಷ್ಟು ಗಾತ್ರದ ಗಡ್ಡೆ ಅರ್ಬುದವಾಗಿರಲು ಯಾವ ಅಡ್ಡಿಯೂ ಇಲ್ಲ.

ದೊಡ್ಡ ನಾರುಗಡ್ಡೆ ಅರ್ಬುದವಲ್ಲವೆಂದ ಮಾತ್ರಕ್ಕೆ ನಿರುಪದ್ರವಿಯೆಂದು ತಿಳಿಯಬಾರದು. ಮೂತ್ರನಾಳಗಳನ್ನು ಒತ್ತಿ ಮೂತ್ರಪಿಂಡಗಳು ಊದಿಕೊಳ್ಳುವಂತೆ ಅದು ಮಾಡಬಲ್ಲದು. ಮೂತ್ರಕೋಶವನ್ನು ಅದುಮಿ ರಾತ್ರಿ ನಾಲ್ಕು ಬಾರಿ ಎಬ್ಬಿಸಬಲ್ಲದು. ಎಲ್ಲಕ್ಕಿಂತ ದೊಡ್ಡ ಹಾನಿಯೆಂದರೆ ರಕ್ತಹೀನತೆ. ಜಮೆ ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ ಹಿಮೋಗ್ಲೋಬಿನ್ ಎಂಬುದು ಕೈಯಲ್ಲಿರುವ ನಗದು, ದೇಹದಲ್ಲಿ ಶೇಖರವಾದ ಕಬ್ಬಿಣದ ಅಂಶ ಠೇವಣಿ. ತಿಂಗಳು ತಿಂಗಳೂ ಜಮೆಗಿಂತ ಖರ್ಚು ಹೆಚ್ಚಾದಾಗ ಮೊದಲು ಠೇವಣಿ ಕರಗುತ್ತದೆ. ಅದು ಯಾರಿಗೂ ಕಾಣುವುದಿಲ್ಲ. ಬಳಿಕ ನಗದು ಇಳಿಯುತ್ತದೆ. ಸ್ತ್ರೀಯರಲ್ಲಿ 12 ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದರೂ ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಕಾಂಜೂರ್‌ಮಾರ್ಗ ನಿಲ್ದಾಣದ ಮೆಟ್ಟಿಲು ಹತ್ತಿ ಕಚೇರಿಗೆ ಹೋಗಿಬರುವ ಸ್ತ್ರೀಯರು ಈ ನಗರದಲ್ಲಿ ಅನೇಕರು. ಅವರ ಸಹನೆಯನ್ನು ಹೊಗಳುವ ಸಂಪ್ರದಾಯ ನಮ್ಮಲ್ಲಿದೆ. ಅವರ ರಕ್ತವನ್ನು ಪರೀಕ್ಷಿಸುವ ಸಂಪ್ರದಾಯ ಇನ್ನೂ ಬರಬೇಕಾಗಿದೆ.

ಇನ್ನು ಮುಖ್ಯ ಪ್ರಶ್ನೆ. ಸಾಧುವಾದ ಗಡ್ಡೆ ಅರ್ಬುದದ ವೇಷವನ್ನೇಕೆ ಧರಿಸುತ್ತದೆ?

ಮೊದಲನೆಯ ಕಾರಣ ಆಹಾರದ ಅಭಾವ. ಗಡ್ಡೆ ಬೆಳೆದ ವೇಗದಲ್ಲಿ ಅದರ ರಕ್ತನಾಳಗಳು ಬೆಳೆಯದೆ ಹೋದಾಗ ಒಳಭಾಗ ಶಿಥಿಲವಾಗುತ್ತದೆ. ಕೆಲವೆಡೆ ಲೋಳೆಯಂತಾಗಿ, ಕೆಲವೆಡೆ ನೀರು ತುಂಬಿದ ಚೀಲಗಳಾಗಿ, ಮತ್ತೆ ಕೆಲವೆಡೆ ಸುಣ್ಣಗಟ್ಟಿ ಕಲ್ಲಿನಂತಾಗುವುದುಂಟು. ಗರ್ಭಿಣಿಯರಲ್ಲಿ ಒಳಗೆ ರಕ್ತ ಸೋರಿ ಗಡ್ಡೆ ಕೆಂಪಗಾಗಿ ತೀವ್ರ ನೋವನ್ನುಂಟುಮಾಡುವುದೂ ಇದೇ ವರ್ಗಕ್ಕೆ ಸೇರಿದುದು. ಇಂತಹ ಗಡ್ಡೆಯನ್ನು ಸೋನೋಗ್ರಫಿಯಲ್ಲಿ ನೋಡಿದಾಗ ಒಂದೇ ಸಮನಾದ ಘನವಸ್ತುವಿನ ಬದಲು ಅರ್ಧ ಘನ, ಅರ್ಧ ದ್ರವದ ಚಿತ್ರ ಮೂಡುತ್ತದೆ. ಅಂಡಾಶಯದ ಅರ್ಬುದದ ಚಿತ್ರವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಎರಡನೆಯದು ಗಡ್ಡೆಯ ವಾಸಸ್ಥಾನ. ಹೊರಮೈಯ ಗಡ್ಡೆ ಒಮ್ಮೊಮ್ಮೆ ತೊಟ್ಟಿನಿಂದ ತೂಗುವ ಹಲಸಿನಂತೆ ಗರ್ಭಕೋಶಕ್ಕೆ ಸಣ್ಣ ತೊಟ್ಟಿನಿಂದ ಮಾತ್ರ ಅಂಟಿಕೊಂಡು ಬದಿಗೆ ಸರಿದಿರುತ್ತದೆ. ಆಗ ಅದು ಗರ್ಭಕೋಶದ್ದೋ ಅಂಡಾಶಯದ್ದೋ ಎಂಬ ಸಂದೇಹ ಅನುಭವಿ ತಜ್ಞರನ್ನೂ ಕಾಡುವುದುಂಟು. ಗಡ್ಡೆ ತೀರ ದೊಡ್ಡದಾಗಿದ್ದರೆ ಅಂಡಾಶಯ ಅದರ ಹಿಂದೆ ಮರೆಯಾಗಿಬಿಡುತ್ತದೆ. ಅಂಡಾಶಯ ಕಾಣುವುದಿಲ್ಲವೆಂದು ಬರೆದಿದ್ದರೆ ಅದು ಅರ್ಬುದವಾಗಿದೆಯೆಂದು ಅರ್ಥವಲ್ಲ, ಕಂಡಿಲ್ಲವೆಂದಷ್ಟೇ ಅರ್ಥ.

ಮೂರನೆಯದು ಹೊಟ್ಟೆಯ ನೀರು. ವಿರಳವಾಗಿ ದೊಡ್ಡ ನಾರುಗಡ್ಡೆಯೇ ಹೊಟ್ಟೆಯಲ್ಲಿಯೂ ಎದೆಗೂಡಿನಲ್ಲಿಯೂ ನೀರು ತುಂಬಲು ಕಾರಣವಾಗುತ್ತದೆ. ಗಡ್ಡೆಯನ್ನು ತೆಗೆದ ಮೇಲೆ ನೀರು ತಾನಾಗಿಯೇ ಇಂಗಿಹೋಗುತ್ತದೆ. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವೂ ಇದೇ ಚಿತ್ರವನ್ನು ಸೃಷ್ಟಿಸಬಲ್ಲದಾದುದರಿಂದ ಅದನ್ನೂ ವೈದ್ಯರು ಗಮನದಲ್ಲಿಟ್ಟುಕೊಳ್ಳುತ್ತಾರೆ.

ನಾಲ್ಕನೆಯದು, ಬಹುಶಃ ಅತ್ಯಧಿಕ ನಿದ್ರಾಭಂಗಕ್ಕೆ ಕಾರಣವಾದುದು, ಸಿ.ಎ. 125. ಇದು 1980ರ ದಶಕದಲ್ಲಿ ಬಳಕೆಗೆ ಬಂದ ಪರೀಕ್ಷೆ. ಅಂಡಾಶಯದ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ರೋಗದ ಏರಿಳಿತಗಳನ್ನು ತಿಳಿಯಲು ಬಹಳ ಪ್ರಯೋಜನಕಾರಿ. ಆದರೆ ಈ ವಸ್ತು ಅರ್ಬುದದಿಂದ ಮಾತ್ರ ಹುಟ್ಟುವಂಥದಲ್ಲ. ಹೊಟ್ಟೆಯ ಒಳಪೊರೆಗೆ ಯಾವ ಕಾರಣದಿಂದ ಕಿರಿಕಿರಿಯಾದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ: ನಾರುಗಡ್ಡೆಯಲ್ಲಿ, ಎಂಡೋಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಕ್ಷಯದಲ್ಲಿ, ಗರ್ಭಧಾರಣೆಯಲ್ಲಿ, ಅಷ್ಟೇಕೆ, ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟರೂ ಕೂಡ. ಮುಟ್ಟು ನಿಂತ ಸ್ತ್ರೀಯರಲ್ಲಿ ಹೆಚ್ಚಿದ ಅಂಕಿಗೆ ಇರುವ ಗಾಂಭೀರ್ಯ ಮುಟ್ಟಾಗುತ್ತಿರುವವರಲ್ಲಿ ಇಲ್ಲ. ಪ್ರಯೋಗಾಲಯದ ಕಾಗದದಲ್ಲಿ ದಪ್ಪಕ್ಷರಗಳಲ್ಲಿ ಮುದ್ರಿತವಾದ ಅಂಕಿ ರೋಗದ ಹೆಸರಲ್ಲವೆಂಬುದನ್ನು ಕುಟುಂಬದ ಲೆಕ್ಕ ಬಲ್ಲವರಾದರೂ ಅರಿತಿರಬೇಕು.

ಹಾಗಾದರೆ ವೈದ್ಯರು ಬೇರ್ಪಡಿಸುವ ಬಗೆ ಯಾವುದು? ಹಳೆಯ ಕಾಲದ ತಜ್ಞರು ಮೂತ್ರಕೋಶವನ್ನು ಬರಿದು ಮಾಡಿಸದೆ ಹೊಟ್ಟೆಯ ಮೇಲೆ ಕೈಯಿಡುತ್ತಿರಲಿಲ್ಲ; ತುಂಬಿದ ಮೂತ್ರಕೋಶವನ್ನೇ ಗಡ್ಡೆಯೆಂದು ಭ್ರಮಿಸಿದ ಪ್ರಸಂಗಗಳು ಇಲ್ಲದಿಲ್ಲ. ನಲವತ್ತರ ಮೇಲಿನವರಲ್ಲಿಯೂ ಗರ್ಭಪರೀಕ್ಷೆ ಮಾಡಿಸುವುದು ಕ್ರಮ. ಅದಕ್ಕೆ ಯಾರೂ ನಾಚಿಕೆಪಡಬೇಕಾಗಿಲ್ಲ. ಆ ಮೇಲೆ ಕೈಪರೀಕ್ಷೆ. ಗಡ್ಡೆಯನ್ನು ಮೇಲಿನಿಂದ ಅಲುಗಿಸಿದಾಗ ಗರ್ಭಕಂಠವೂ ಜೊತೆಗೆ ಅಲುಗಿದರೆ ಅದು ಗರ್ಭಕೋಶಕ್ಕೆ ಸೇರಿದುದೆಂದು ಊಹಿಸುತ್ತಾರೆ. ಸೋನೋಗ್ರಫಿಯನ್ನು ಹೊಟ್ಟೆಯ ಮೇಲಿನಿಂದಲೂ ಯೋನಿಮಾರ್ಗದಿಂದಲೂ ಮಾಡಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಿದ್ದರೆ ವರದಿ ಅಪೂರ್ಣ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ವಿಧಾನದಲ್ಲಿ ಗರ್ಭಕೋಶದಿಂದ ಗಡ್ಡೆಯೊಳಕ್ಕೆ ಸೇತುವೆಯಂತೆ ದಾಟುವ ರಕ್ತನಾಳಗಳು ಕಂಡರೆ, ಅದಕ್ಕೆ ಆಹಾರ ಬರುತ್ತಿರುವುದು ಯಾವ ಮನೆಯಿಂದ ಎಂಬುದು ಗೊತ್ತಾಗುತ್ತದೆ. ಎರಡೂ ಅಂಡಾಶಯಗಳು ಸ್ವಸ್ಥವಾಗಿ ಬೇರೆಯಾಗಿ ಕಂಡುಬಂದರೆ ಅರ್ಧ ಭಾರ ಇಳಿದಂತೆ.

ಇಷ್ಟಾದರೂ ಸಂದೇಹ ಉಳಿದರೆ ಎಂ.ಆರ್.ಐ. ಪವಾಯಿಯ ಗೃಹಿಣಿಗೆ ಬೇಕಾದುದು ಇದೇ. ಸಾಧಾರಣ ನಾರುಗಡ್ಡೆ ಇದರ ಒಂದು ಬಗೆಯ ಚಿತ್ರದಲ್ಲಿ ಅಂಚು ಸ್ಪಷ್ಟವಾದ ಕಪ್ಪು ಉಂಡೆಯಾಗಿ ಮೂಡುತ್ತದೆ. ಅಂಚು ಕೆದರಿದ್ದು, ಒಳಗೆ ರಕ್ತಸ್ರಾವದ ಗುರುತುಗಳಿದ್ದು, ಜೀವಕೋಶಗಳು ಕಿಕ್ಕಿರಿದಿರುವುದನ್ನು ಸೂಚಿಸುವ ವಿಶೇಷ ಚಿತ್ರವೂ ಅನುಮಾನಕ್ಕೆಡೆಗೊಟ್ಟರೆ ವೈದ್ಯರು ಎಚ್ಚರವಹಿಸುತ್ತಾರೆ. ಎಲ್.ಡಿ.ಎಚ್. ಎಂಬ ರಕ್ತಪರೀಕ್ಷೆಯನ್ನೂ ಇದರ ಜೊತೆಯಲ್ಲಿಟ್ಟು ನೋಡುವುದುಂಟು. ಅಸಹಜ ರಕ್ತಸ್ರಾವವಿದ್ದವರಲ್ಲಿ, ವಿಶೇಷವಾಗಿ ನಲವತ್ತೈದು ದಾಟಿದವರಲ್ಲಿ, ಗರ್ಭಕೋಶದ ಒಳಪದರದ ತುಣುಕನ್ನು ತೆಗೆದು ಪರೀಕ್ಷಿಸುವುದು ಅತ್ಯವಶ್ಯ. ಏಕೆಂದರೆ ಒಳಪದರದ ಅರ್ಬುದ ನಾರುಗಡ್ಡೆಯ ನೆರಳಿನಲ್ಲಿ ಅಡಗಿರಬಹುದು. ಪ್ಯಾಪ್ ಪರೀಕ್ಷೆ ಸರಿಯಾಗಿದೆಯೆಂದು ನಿಶ್ಚಿಂತರಾಗುವವರಿದ್ದಾರೆ. ಆ ಪರೀಕ್ಷೆ ಗರ್ಭಕಂಠಕ್ಕೆ ಸಂಬಂಧಿಸಿದುದು. ಮೇಲಿನ ಗಡ್ಡೆಯ ವಿಷಯದಲ್ಲಿ ಅದು ಮೂಕ.

ಗಡ್ಡೆಗೇ ಸೂಜಿ ಚುಚ್ಚಿ ತುಣುಕು ತೆಗೆದು ನೋಡಬಾರದೇಕೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಗಡ್ಡೆ ಅಂಡಾಶಯದ ಅರ್ಬುದವಾಗಿದ್ದಲ್ಲಿ ಚುಚ್ಚುವುದರಿಂದ ಒಳಗಿನದು ಹೊಟ್ಟೆಯೊಳಗೆ ಚೆಲ್ಲಬಹುದು. ಗರ್ಭಕೋಶದ ದೊಡ್ಡ ಗಡ್ಡೆಯಾಗಿದ್ದಲ್ಲಿ ಒಂದು ಮೂಲೆಯ ತುಣುಕು ಇಡೀ ಗಡ್ಡೆಗೆ ಜಾಮೀನಾಗಲಾರದು. ಆದುದರಿಂದ ಈ ಮಾರ್ಗವನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ.

ಗರ್ಭಕೋಶದ ಮಾಂಸಖಂಡದಲ್ಲಿಯೇ ಹುಟ್ಟುವ ನಿಜವಾದ ಅರ್ಬುದಕ್ಕೆ ಸಾರ್ಕೋಮಾ ಎಂದು ಹೆಸರು. ನಾರುಗಡ್ಡೆಯೇ ಕೆಟ್ಟು ಸಾರ್ಕೋಮಾ ಆಗುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಬಹುಮಟ್ಟಿಗೆ ಇವೆರಡೂ ಪ್ರತ್ಯೇಕವಾಗಿ ಹುಟ್ಟುತ್ತವೆಂಬುದು ಇಂದಿನ ತಿಳಿವಳಿಕೆ. ಶೀಘ್ರವಾಗಿ ಬೆಳೆಯುವ ಗಡ್ಡೆ ಸಾರ್ಕೋಮಾ ಇರಬೇಕೆಂಬ ಹಳೆಯ ಸೂತ್ರವನ್ನು 1994ರಲ್ಲಿ ಅಮೆರಿಕೆಯ ವೈದ್ಯರು ಪರೀಕ್ಷಿಸಿದರು. ಶೀಘ್ರ ಬೆಳವಣಿಗೆಯ ಕಾರಣಕ್ಕಾಗಿ ಶಸ್ತ್ರಕ್ರಿಯೆಗೊಳಗಾದ 371 ಸ್ತ್ರೀಯರಲ್ಲಿ ಸಾರ್ಕೋಮಾ ಕಂಡುಬಂದುದು ಒಬ್ಬರಲ್ಲಿ ಮಾತ್ರ. ಆದರೆ ಮುಟ್ಟು ನಿಂತವರ ವಿಷಯ ಬೇರೆ. ಹಿಂದೆ ಹೇಳಿದ ನಿಯಮವನ್ನು ಇಲ್ಲಿ ಸ್ಮರಿಸಬೇಕು: ಪೋಷಕ ರಸಗಳು ಬತ್ತಿದ ಮೇಲೆ ಕುಗ್ಗಬೇಕಾದ ಗಡ್ಡೆ ಹೊಸದಾಗಿ ಬೆಳೆಯತೊಡಗಿದರೆ, ಅಥವಾ ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಾಣಿಸಿಕೊಂಡರೆ, ಅದು ಒಂದು ದಿನವೂ ಮುಂದೂಡತಕ್ಕ ಸಂಗತಿಯಲ್ಲ.

ಇಷ್ಟೆಲ್ಲ ಪರೀಕ್ಷೆಗಳ ಅನಂತರವೂ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕಾಗಿದೆ. ಶಸ್ತ್ರಕ್ರಿಯೆಗೆ ಮೊದಲು ಸಾರ್ಕೋಮಾ ಇಲ್ಲವೆಂದು ನೂರಕ್ಕೆ ನೂರು ಪಾಲು ಖಚಿತವಾಗಿ ಹೇಳುವ ಪರೀಕ್ಷೆ ಇದುವರೆಗೆ ಇಲ್ಲ. ಈ ಚಿಕ್ಕ ಸಂದೇಹ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಏಮಿ ರೀಡ್ ಅವರ ಪ್ರಕರಣ ಸಾಕ್ಷಿ. ಸ್ವತಃ ಅರಿವಳಿಕೆ ತಜ್ಞೆ, ಆರು ಮಕ್ಕಳ ತಾಯಿ. 2013ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ನಾರುಗಡ್ಡೆಯೆಂದು ಭಾವಿಸಿ ದೂರದರ್ಶಕ ವಿಧಾನದ ಶಸ್ತ್ರಕ್ರಿಯೆಯಲ್ಲಿ ಅವರ ಗರ್ಭಕೋಶವನ್ನು ತೆಗೆಯಲಾಯಿತು. ಸಣ್ಣ ರಂಧ್ರದ ಮೂಲಕ ದೊಡ್ಡ ಗಡ್ಡೆಯನ್ನು ಹೊರತರಬೇಕಾದರೆ ಒಳಗೇ ಅದನ್ನು ಚೂರು ಮಾಡಬೇಕು. ಅದಕ್ಕೆ ಮಾರ್ಸೆಲೇಟರ್ ಎಂಬ ವಿದ್ಯುತ್ ಉಪಕರಣವಿದೆ. ಕೆಲವು ದಿನಗಳ ಬಳಿಕ ಬಂದ ವರದಿಯಲ್ಲಿ ಅಡಗಿದ್ದ ಸಾರ್ಕೋಮಾ ಪತ್ತೆಯಾಯಿತು. ಚೂರುಗಳು ಹೊಟ್ಟೆಯೊಳಗೆ ಚೆದುರಿದ್ದವು. ಅವರೂ ಅವರ ಪತಿಯೂ ಈ ಉಪಕರಣದ ವಿರುದ್ಧ ಬಹಿರಂಗ ಹೋರಾಟ ನಡೆಸಿದರು. ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ, ನಾರುಗಡ್ಡೆಯೆಂದು ಶಸ್ತ್ರಕ್ರಿಯೆಗೊಳಗಾಗುವ ಸುಮಾರು 350 ಸ್ತ್ರೀಯರಲ್ಲಿ ಒಬ್ಬರಿಗೆ ಅಡಗಿದ ಸಾರ್ಕೋಮಾ ಇರಬಹುದೆಂದು ಅಂದಾಜಿಸಿ, ತೀವ್ರ ಎಚ್ಚರಿಕೆಯನ್ನು ಹೊರಡಿಸಿತು. ಈ ಅಂದಾಜು ಹೆಚ್ಚಾಯಿತೆಂದು ವಾದಿಸುವ ತಜ್ಞರೂ ಇದ್ದಾರೆ. ಚೂರು ಮಾಡಲೇಬೇಕಾದಲ್ಲಿ ಮುಚ್ಚಿದ ಚೀಲದೊಳಗೆ ಮಾಡಬೇಕೆಂದು ಆ ಸಂಸ್ಥೆ 2020ರಲ್ಲಿ ಸೂಚಿಸಿತು. ಏಮಿ ರೀಡ್ 2017ರ ಮೇ ತಿಂಗಳಲ್ಲಿ ತೀರಿಕೊಂಡರು.

ಆದುದರಿಂದ ಶಸ್ತ್ರಕ್ರಿಯೆಗೆ ಒಪ್ಪಿಗೆ ನೀಡುವ ಮೊದಲು ಗಡ್ಡೆಯನ್ನು ಇಡಿಯಾಗಿ ತೆಗೆಯುವಿರೋ ಚೂರು ಮಾಡಿಯೋ, ಚೂರು ಮಾಡುವುದಾದರೆ ಚೀಲದಲ್ಲಿಯೋ ಎಂದು ಕೇಳುವುದು ಅವಿಶ್ವಾಸವಲ್ಲ. ಸಹಿ ಹಾಕುವ ಮುನ್ನ ಕಾಗದವನ್ನು ಓದುವುದು ಯಾವ ವ್ಯವಹಾರದಲ್ಲಿಯೂ ಅಪಚಾರವಾಗಿಲ್ಲ. ಸಣ್ಣ ಗಾಯದ ಶಸ್ತ್ರಕ್ರಿಯೆ ಆಕರ್ಷಕವೇನೋ ಸರಿ. ಸಂದೇಹವಿರುವ ದೊಡ್ಡ ಗಡ್ಡೆಗೆ ಉದ್ದನೆಯ ಗಾಯವೇ ಸುರಕ್ಷಿತ.

ಭಯದ ಇನ್ನೊಂದು ಮುಖವೂ ಇದೆ. "ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂಬ ಒಂದೇ ವಾಕ್ಯದಿಂದ ಎಷ್ಟೋ ಗರ್ಭಕೋಶಗಳು ಅನಾವಶ್ಯಕವಾಗಿ ತೆಗೆಯಲ್ಪಟ್ಟಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಲಂಬಾಣಿ ಸ್ತ್ರೀಯರು ಹೀಗೆ ಗರ್ಭಕೋಶವನ್ನು ಕಳೆದುಕೊಂಡ ವಿಷಯ 2015ರ ಸುಮಾರಿಗೆ ಸರಕಾರಿ ತನಿಖೆಗೆ ಒಳಗಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಸ್ತ್ರೀಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿದೆಯೆಂದು 2019ರಲ್ಲಿ ಶಾಸನಸಭೆಯ ಸದಸ್ಯೆ ನೀಲಂ ಗೋರ್ಹೆಯವರ ನೇತೃತ್ವದ ಸಮಿತಿ ವರದಿ ಮಾಡಿತು. ಇಂತಹ ದೂರುಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು, ಅನಾವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗಾಗಿ ಅಳವಡಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಆದೇಶ ನೀಡಿತು. ಮಹಾನಗರದ ವಿದ್ಯಾವಂತರಿಗೆ ಇದು ದೂರದ ವಾರ್ತೆಯೆನಿಸಬಹುದು. ಆದರೆ ಭಯಗೊಂಡವರ ಕೈ ಒಪ್ಪಿಗೆ ಪತ್ರದ ಮೇಲೆ ಅಷ್ಟೇ ಬೇಗ ಓಡುತ್ತದೆ. ಅದು ಹೆಬ್ಬೆಟ್ಟೋ ಇಂಗ್ಲಿಷ್ ಸಹಿಯೋ ಎಂಬುದಷ್ಟೇ ವ್ಯತ್ಯಾಸ.

ಸಾಧುವಾದ ಗಡ್ಡೆಯೆಂದು ನಂಬಲು ಆಧಾರವಿದ್ದರೆ ಚಿಕಿತ್ಸೆಯ ದಾರಿಗಳು ಹಲವು. ತೊಂದರೆ ಕೊಡದ ಗಡ್ಡೆಯನ್ನು ಆಗಾಗ ನೋಡುತ್ತಿದ್ದರೆ ಸಾಕು. ರಕ್ತಸ್ರಾವವನ್ನು ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಔಷಧಯುಕ್ತ ಸಾಧನವಿದೆ, ಶಸ್ತ್ರಕ್ರಿಯೆಗೆ ಮೊದಲು ಗಡ್ಡೆಯನ್ನು ಕುಗ್ಗಿಸುವ ಚುಚ್ಚುಮದ್ದುಗಳಿವೆ, ಗಡ್ಡೆಗೆ ಹೋಗುವ ರಕ್ತನಾಳವನ್ನೇ ಮುಚ್ಚುವ ಕ್ರಮವೂ 1990ರ ದಶಕದಿಂದ ರೂಢಿಯಲ್ಲಿದೆ. ಗಡ್ಡೆಯನ್ನು ಮಾತ್ರ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಕ್ರಿಯೆಯನ್ನು ಪ್ರಚುರಪಡಿಸಿದವರಲ್ಲಿ ಇಂಗ್ಲೆಂಡಿನ ವಿಕ್ಟರ್ ಬೋನಿ ಪ್ರಮುಖರು. ಅವರ ಪತ್ನಿಯ ಗರ್ಭಕೋಶವನ್ನು ತೆಗೆಯಬೇಕಾಗಿ ಬಂದು ದಂಪತಿಗಳಿಗೆ ಮಕ್ಕಳಾಗಲಿಲ್ಲ. ಆ ನೋವಿನಿಂದಲೇ ಅವರು ಈ ಕಾರ್ಯಕ್ಕೆ ತೊಡಗಿದರೆಂದು ಹೇಳುತ್ತಾರೆ. ಗರ್ಭಕೋಶವನ್ನೇ ತೆಗೆಯಬೇಕಾದಾಗಲೂ ಮುಟ್ಟು ನಿಲ್ಲದವರಲ್ಲಿ ಸ್ವಸ್ಥ ಅಂಡಾಶಯಗಳನ್ನು ಉಳಿಸಿಕೊಳ್ಳುವ ವಿಚಾರವನ್ನು ಮುಂಚಿತವಾಗಿ ಚರ್ಚಿಸಬೇಕು. "ಅದೂ ಹೋಗಲಿ ಬಿಡಿ" ಎಂದು ಹೊರಗೆ ನಿಂತ ಗಂಡಸರು ಹೇಳಿಬಿಡತಕ್ಕ ಮಾತಲ್ಲ ಅದು.

ಮುಂಬಯಿಯ ಕನ್ನಡಿಗರಿಗೆ ಒಂದು ವಿಶೇಷ ತೊಡಕಿದೆ. ಮುಟ್ಟಿನ ಸಂಗತಿಯನ್ನು ಮಾತೃಭಾಷೆಯಲ್ಲಿಯೇ ಹೇಳಲು ಸಂಕೋಚಪಡುವ ಸ್ತ್ರೀಗೆ ಅದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಅಪರಿಚಿತ ವೈದ್ಯರಿಗೆ ವಿವರಿಸಬೇಕಾಗುತ್ತದೆ. ಅವಳ ಪರವಾಗಿ ಪತಿ ಮಾತನಾಡುತ್ತಾನೆ. ಅವನಿಗೆ ಗೊತ್ತಿರುವುದು "ವೀಕ್‌ನೆಸ್" ಎಂಬ ಒಂದೇ ಶಬ್ದ. ಎಷ್ಟು ದಿನ, ಹೆಪ್ಪುಗಳು ಬೀಳುತ್ತವೆಯೇ, ರಾತ್ರಿ ಬಟ್ಟೆ ಬದಲಿಸಬೇಕಾಗುತ್ತದೆಯೇ, ನಡುವೆ ರಕ್ತ ಕಾಣುತ್ತದೆಯೇ: ಇವನ್ನು ಮೂರು ತಿಂಗಳು ಕ್ಯಾಲೆಂಡರಿನ ಮೇಲೆ ಕನ್ನಡದಲ್ಲಿಯೇ ಗುರುತಿಸಿಕೊಂಡು ಹೋದರೆ ರೋಗನಿದಾನದ ಅರ್ಧ ಕೆಲಸ ಆಗಿರುತ್ತದೆ. ಇನ್ನು ಕೆಲವರು ಇಲ್ಲಿ ಸೋನೋಗ್ರಫಿ ಮಾಡಿಸಿ, ಶಸ್ತ್ರಕ್ರಿಯೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಅಲ್ಲಿ ನೋಡಿಕೊಳ್ಳಲು ಜನರಿರುವುದರಿಂದ ಅದು ತಪ್ಪಲ್ಲ. ಆದರೆ ಚಿತ್ರಗಳ ಫಿಲ್ಮುಗಳನ್ನು ಇಲ್ಲಿಯೇ ಬಿಟ್ಟು ವರದಿಯ ಕಾಗದವನ್ನು ಮಾತ್ರ ಒಯ್ಯುವುದು ತಪ್ಪು.

ಖಾಸಗಿ ವೆಚ್ಚವನ್ನು ಭರಿಸಲಾರದವರಿಗೆ ಪವಾಯಿಯಿಂದ ಹೆಚ್ಚು ದೂರವಿಲ್ಲದ ಘಾಟ್‌ಕೋಪರಿನ ರಾಜಾವಾಡಿ ಆಸ್ಪತ್ರೆ ಮಹಾನಗರಪಾಲಿಕೆಯದು. ಪರೇಲಿನಲ್ಲಿ 1926ರಿಂದ ಕೆ.ಇ.ಎಂ. ಆಸ್ಪತ್ರೆಯೂ ಸ್ತ್ರೀಯರಿಗಾಗಿಯೇ ಇರುವ ವಾಡಿಯಾ ಆಸ್ಪತ್ರೆಯೂ ನಡೆದುಬಂದಿವೆ. ಅಲ್ಲಿಯೇ 1941ರ ಫೆಬ್ರವರಿ 28ರಂದು ಪ್ರಾರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಅರ್ಬುದಕ್ಕೆಂದೇ ಮೀಸಲಾದುದು. ಎಂ.ಆರ್.ಐ. ಸಂದೇಹವನ್ನು ಹೆಚ್ಚಿಸಿದ್ದರೆ ಮೊದಲ ಶಸ್ತ್ರಕ್ರಿಯೆಯೇ ಅರ್ಬುದ ಶಸ್ತ್ರವೈದ್ಯರ ಕೈಯಲ್ಲಾಗುವುದು ಮೇಲು. ಆ ಆಸ್ಪತ್ರೆಯ ಹೆಸರು ಕೇಳಿದೊಡನೆಯೇ ಎದೆಗುಂದುವವರಿದ್ದಾರೆ. ಅರ್ಬುದವಿಲ್ಲವೆಂದು ತಿಳಿದು ಆ ಬಾಗಿಲಿನಿಂದ ಹಿಂತಿರುಗಿದವರೂ ಇದ್ದಾರೆಂಬುದು ಅವರಿಗೆ ತಿಳಿದಿಲ್ಲ.

ಪವಾಯಿಯ ಗೃಹಿಣಿಯ ಎಂ.ಆರ್.ಐ.ಯಲ್ಲಿ ಎರಡೂ ಅಂಡಾಶಯಗಳು ಗಡ್ಡೆಯ ಹಿಂದೆ ಸ್ವಸ್ಥವಾಗಿ ಕಂಡುಬರುತ್ತವೆ. ಒಳಪದರದ ತುಣುಕಿನಲ್ಲಿ ದೋಷವಿಲ್ಲ. ಹಿಮೋಗ್ಲೋಬಿನ್ 7 ಇದ್ದುದರಿಂದ ಮೊದಲು ಕಬ್ಬಿಣದ ಅಂಶವನ್ನು ರಕ್ತನಾಳದ ಮೂಲಕ ಕೊಟ್ಟು, ಆರು ವಾರಗಳ ಬಳಿಕ ಗರ್ಭಕೋಶವನ್ನು ಇಡಿಯಾಗಿ ತೆಗೆಯುತ್ತಾರೆ. ಸಿಸ್ಟರ್ ಹೊರಗೆ ತಂದು ತೋರಿಸಿದ ಗಡ್ಡೆಯನ್ನು ನೋಡಿ ಪತಿಗೆ ತಲೆ ಸುತ್ತುತ್ತದೆ. ಆದರೆ ರೋಗನಿದಾನ ಇಲ್ಲಿಗೂ ಮುಗಿದಿಲ್ಲ. ಕೆಲವು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಹೀಗೆ ತೋರಿಸಿದ ಬಳಿಕ ಗಡ್ಡೆಯನ್ನು ವಿಲೇವಾರಿ ಮಾಡಿಬಿಡುವುದುಂಟು. ಪರೀಕ್ಷೆಯ ಶುಲ್ಕ ಉಳಿಯಿತೆಂದು ಕುಟುಂಬವೂ ಸುಮ್ಮನಿರುವುದುಂಟು. ಇದಕ್ಕಿಂತ ದೊಡ್ಡ ನಷ್ಟದ ಉಳಿತಾಯ ಬೇರೊಂದಿಲ್ಲ. ಗಡ್ಡೆಯ ಹಲವು ಭಾಗಗಳಿಂದ ತುಣುಕುಗಳನ್ನು ತೆಗೆದು, ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಉತ್ತರ ಸಿಗುತ್ತದೆ. ಅಲ್ಲಿ ತಜ್ಞರು ಹುಡುಕುವುದು ವಿಭಜನೆಗೊಳ್ಳುತ್ತಿರುವ ಜೀವಕೋಶಗಳ ಸಂಖ್ಯೆ, ಅವುಗಳ ವಿಕಾರ, ಸತ್ತ ಅಂಗಾಂಶದ ಸ್ವರೂಪ ಎಂಬ ಮೂರನ್ನು. ಇತ್ತ ಸಾಧುವೂ ಅಲ್ಲದ ಅತ್ತ ಅರ್ಬುದವೂ ಅಲ್ಲದ ಅನಿಶ್ಚಿತ ವರ್ಗವೂ ಒಂದಿದೆ. ಅಂಥವರನ್ನು ವರ್ಷಗಳ ಕಾಲ ನೋಡಿಕೊಳ್ಳಬೇಕಾಗುತ್ತದೆ. ಸಂದೇಹ ಬಂದಲ್ಲಿ ಆ ಗಾಜಿನ ಪಟ್ಟಿಗಳನ್ನೂ ಮೇಣದ ಅಚ್ಚುಗಳನ್ನೂ ಕೇಳಿ ಪಡೆದು ಟಾಟಾ ಆಸ್ಪತ್ರೆಯಂತಹ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ಎಂಟನೆಯ ದಿನ ವರದಿ ಬರುತ್ತದೆ. ಗರ್ಭಕೋಶ ಮತ್ತು ಗಡ್ಡೆಯ ತೂಕ 2,800 ಗ್ರಾಂ, ನಾರುಗಡ್ಡೆ, ನಡುಭಾಗ ಶಿಥಿಲವಾಗಿದೆ, ಅರ್ಬುದದ ಲಕ್ಷಣಗಳಿಲ್ಲ. ಮೂರು ತಿಂಗಳ ಬಳಿಕ ಸಿ.ಎ. 125 ಸಾಮಾನ್ಯ ಮಿತಿಗೆ ಇಳಿದಿರುತ್ತದೆ. ಕಬ್ಬಿಣದ ಮಾತ್ರೆಗಳು ಇನ್ನೂ ಮುಂದುವರಿಯಬೇಕು. ಕರಗಿಹೋದ ಠೇವಣಿ ಅಷ್ಟು ಬೇಗ ತುಂಬುವುದಿಲ್ಲ. ಪತಿ ಆ ವರದಿಯನ್ನು ಲಕೋಟೆಯಲ್ಲಿಟ್ಟು, ಮನೆಯ ಕರಾರುಪತ್ರವಿರುವ ಕಪಾಟಿನಲ್ಲಿ ಇಡುತ್ತಾನೆ. ಅತ್ತಿಗೆಗೆ ದೂರವಾಣಿ ಮಾಡಿದವಳು ಮಾತ್ರ ಆಕೆಯೇ.